ಹದದ ಮಾತು

ಮಳೆಗಾಲದ ಒಂದು ಮಧ್ಯಾಹ್ನ. ಮಡಿಕೇರಿಯ ಮಳೆ ಕಾಲೇಜಿನ ಮಾಡಿನ ಮೇಲೆ ತನ್ನ ಪಾಠ ಹೇಳುತ್ತಿತ್ತು. ನಾನು ಅದಕ್ಕಿಂತ ಗಟ್ಟಿ ದನಿಯಲ್ಲಿ ನನ್ನ ಪಾಠ ಹೇಳಲು ಹೆಣಗುತ್ತಿದ್ದೆ. ಪಾಠದ ನಡುವೆ ‘ಹದ’ ಎಂಬ ಮಾತು ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಹದ ಅಂದರೆ ಇಂಗ್ಲಿಷಿನಲ್ಲಿ ಏನು?” ಎಂದು ಕೇಳಿದ.

ಕನ್ನಡ ಮೇಷ್ಟರಾದವರಿಗೆ ಇಂಥ ಪ್ರಶ್ನೆ ಬಂದಾಗ ಎರಡು ದಾರಿಗಳುಂಟು. ಗೊತ್ತಿದ್ದರೆ ಹೇಳುವುದು, ಗೊತ್ತಿಲ್ಲದಿದ್ದರೆ “ಒಳ್ಳೆಯ ಪ್ರಶ್ನೆ, ನಾಳೆ ನೋಡೋಣ” ಎನ್ನುವುದು. ನಾನು ಎರಡನೆಯದನ್ನು ಹಿಡಿದೆ. ಆ ನಾಳೆ ಇನ್ನೂ ಬಂದಿಲ್ಲ. ಆ ಹುಡುಗ ಈ ಪುರವಣಿಯನ್ನು ಓದುವವನಾಗಿದ್ದರೆ, ಬಾಕಿಯಿದ್ದ ಉತ್ತರವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ ಎಂದು ತಿಳಿಯಬೇಕು.

ರೈತನಿಗೆ ಮಣ್ಣಿನ ಹದ ಗೊತ್ತು. ಅದನ್ನು ತಿಳಿಯದೆ ನೇಗಿಲು ಕಟ್ಟಿದವನು ಆಮೇಲೆ ಹೆಂಟೆ ಒಡೆಯುತ್ತ ಕೂರಬೇಕು. ಬೆಲ್ಲ ಕಾಯಿಸುವವನಿಗೆ ಪಾಕದ ಹದ ಗೊತ್ತು. ನಮ್ಮ ಕೊಡಗಿನಲ್ಲಿ ಕಣದಲ್ಲಿ ಕಾಫಿ ಒಣಗಿಸುವ ಹಳಬರು ಬೀಜವನ್ನು ಹಲ್ಲಿನಲ್ಲಿ ಕಚ್ಚಿ ಹದ ಹೇಳುತ್ತಾರೆ. ಕತ್ತಿಯ ಅಲಗಿಗೂ ಹದ, ಮನುಷ್ಯನ ನಾಲಗೆಗೂ ಹದ. ಇವೆಲ್ಲದರ ಜೊತೆಗೆ ಇನ್ನೊಂದು ಉಂಟು: ತೊಗಲನ್ನು ಹದ ಮಾಡುವುದು. ಈ ಕೊನೆಯ ಬಳಕೆಯನ್ನು ನಾನು ಬಹುಕಾಲ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದು ಚರ್ಮದ ಕೆಲಸದವರ ಮಾತು, ನಮಗೇಕೆ ಎಂಬ ಉದಾಸೀನ. ಕಡೆಗೆ ಹದವೆಂದರೆ ಏನೆಂದು ನನಗೆ ಕಲಿಸಿದ್ದು ಆ ಬಳಕೆಯೇ. ಕಲಿತದ್ದು ನಮ್ಮ ಅವ್ವನ ಎದೆಯಿಂದ.

ಮಾದಾಪುರದ ಕಡೆ ನಮ್ಮ ಹಳೆಯ ಮನೆ. ನಡುಮನೆಯ ಗೋಡೆಯಲ್ಲಿ ಎರಡು ಮೊಳೆಗಳಿವೆ. ಒಂದರಲ್ಲಿ ಅಪ್ಪನ ದುಡಿ. ಇನ್ನೊಂದರಲ್ಲಿ ಅಜ್ಜನ ಕಾಲದ ಕೋವಿಯ ತೊಗಲು ಪಟ್ಟಿ. ದುಡಿಯನ್ನು ಕಾಣದವರಿಗೆ ಎರಡು ಮಾತು: ನಡು ಸಣ್ಣಗಿದ್ದು ಎರಡು ಕಡೆಗೂ ಚರ್ಮ ಬಿಗಿದ ಪುಟ್ಟ ವಾದ್ಯ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಸಣ್ಣ ಕೋಲಿನಿಂದ ಬಾರಿಸುತ್ತಾರೆ. ಪುತ್ತರಿಯಲ್ಲಿ ಮನೆಯಿಂದ ಮನೆಗೆ ಹಾಡುತ್ತ ಹೋಗುವಾಗಲೂ ದುಡಿ ಬೇಕು, ಮದುವೆಯ ಹಾಡಿಗೂ ಬೇಕು.

ಈ ದುಡಿಯ ಚರ್ಮ ಹಸಿ ಚರ್ಮ. ಕೂದಲು ಕೆರೆದು ಒಣಗಿಸಿ ಬಿಗಿದದ್ದು, ಅಷ್ಟೆ. ಮಳೆ ಹಿಡಿಯಿತೆಂದರೆ ಅದು ತೇವ ಕುಡಿದು ಸಡಿಲಾಗಿ, ನೆಗಡಿಯಾದವನ ದನಿಯಲ್ಲಿ ಮಾತನಾಡುತ್ತದೆ. ಆಗ ಅಪ್ಪ ಅದನ್ನು ಒಲೆಯ ಬಳಿ ಹಿಡಿದು ಕಾಯಿಸುತ್ತಿದ್ದರು. ಕೆಲವು ವರ್ಷಗಳಿಗೊಮ್ಮೆ ಚರ್ಮವೇ ಕೆಟ್ಟು ಹೊಸದನ್ನು ಬಿಗಿಸಬೇಕಾಗುತ್ತಿತ್ತು. ಪಟ್ಟಿಯ ಕಥೆ ಬೇರೆ. ಆಷಾಢದಲ್ಲಿ ಅದರ ಮೇಲೂ ಬೂಷ್ಟು ಹಿಡಿಯುತ್ತದೆ. ಬಟ್ಟೆಯಿಂದ ಒರೆಸಿ ಎಣ್ಣೆ ಸವರಿದರೆ ಮತ್ತೆ ಮೊದಲಿನಂತೆ. ಮೂರು ತಲೆಮಾರಾದರೂ ಕೊಳೆಯಲಿಲ್ಲ.

ಚಿಕ್ಕಂದಿನಲ್ಲಿ ಒಮ್ಮೆ ಅಪ್ಪನನ್ನು ಕೇಳಿದ್ದೆ: “ಅಪ್ಪ, ದುಡಿಗೂ ಈ ಪಟ್ಟಿಯ ತೊಗಲನ್ನೇ ಹಾಕಿದರೆ ಆಗದಾ?”

“ಹಾಕಬಹುದು. ಆದರೆ ಅದು ಹಾಡೋದಿಲ್ಲ,” ಎಂದರು ಅಪ್ಪ.

ಹದ ಮಾಡಿದ ತೊಗಲು ಬಾಳುತ್ತದೆ, ಹಾಡುವುದಿಲ್ಲ. ಹಸಿ ಚರ್ಮ ಹಾಡುತ್ತದೆ, ಬಾಳುವುದಿಲ್ಲ. ಲೋಕದ ನಿಯಮವೇ ಇದಿರಬೇಕು ಎಂದು ಮೂವತ್ತು ದಾಟುವವರೆಗೂ ನಂಬಿದ್ದೆ.

2013ರಲ್ಲಿ ಅವ್ವನಿಗೆ ಅರವತ್ತೈದು ವರ್ಷ. ಅದುವರೆಗೆ ತೋಟದ ಏರನ್ನು ಆಳುಗಳಿಗಿಂತ ಮೊದಲು ಹತ್ತುತ್ತಿದ್ದವಳು, ಆ ವರ್ಷ ನಾಲ್ಕು ಹೆಜ್ಜೆಗೊಮ್ಮೆ ನಿಂತು ಕಾಫಿ ಗಿಡಗಳನ್ನು ನೋಡತೊಡಗಿದಳು. ಗಿಡದಲ್ಲಿ ನೋಡುವಂಥದೇನೂ ಇರಲಿಲ್ಲ. ಏದುಸಿರನ್ನು ನಮ್ಮಿಂದ ಮರೆಮಾಡುವ ಉಪಾಯ ಅದು. ರಾತ್ರಿ ಅಂಗಾತ ಮಲಗಲಾರದೆ ದಿಂಬಿಗೆ ಒರಗಿ ಕೂರುತ್ತಿದ್ದಳು. ವೈದ್ಯರು ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು.

ಮೂಲ ಬಹಳ ಹಿಂದಿನದು. ಅವ್ವ ಹುಡುಗಿಯಾಗಿದ್ದಾಗ ಒಂದು ಮಳೆಗಾಲ ಗಂಟಲುನೋವು ಬಂದು, ಅದರ ಬೆನ್ನಿಗೆ ಕೀಲುಗಳೆಲ್ಲ ಊದಿಕೊಂಡು ಜ್ವರ ಕಾದಿತ್ತಂತೆ. ಗಂಟಲಿಗೆ ಬಂದ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿಯ ಮೇಲೆ ಯುದ್ಧಕ್ಕೆ ಹೊರಟ ಶರೀರ, ಕೆಲವರಲ್ಲಿ ಗುರುತು ತಪ್ಪಿ ತನ್ನ ಹೃದಯದ ಕವಾಟವನ್ನೇ ಹೊಡೆಯುತ್ತದೆ. ಆ ಗಾಯ ಹತ್ತಾರು ವರ್ಷ ಮಾಗುತ್ತ ಮಾಗುತ್ತ ಕವಾಟವನ್ನು ದಪ್ಪಗೆ, ಗಡುಸಾಗಿ ಮಾಡುತ್ತದೆ. ಅವ್ವನ ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿರುವ ಮಿಟ್ರಲ್ ಕವಾಟ ಹಳೆಯ ಮನೆಯ ಕಿಟಕಿಯಂತೆ ಅರ್ಧ ತೆರೆದು ಅರ್ಧ ಮುಚ್ಚಿ ನಿಂತುಬಿಟ್ಟಿತ್ತು.

ಶಸ್ತ್ರವೈದ್ಯರು ಮೈಸೂರು ಸೀಮೆಯವರು, ಕನ್ನಡದಲ್ಲಿಯೇ ಮಾತನಾಡಿದರು. ಕವಾಟ ಬದಲಿಸಬೇಕು, ಎರಡು ಬಗೆಯುಂಟು. ಒಂದು, ಲೋಹ ಮತ್ತು ಕೃತಕ ವಸ್ತುಗಳಿಂದ ಮಾಡಿದ ಯಂತ್ರದ ಕವಾಟ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡು 1990ರಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಸೇರಿದ ನಮ್ಮ ದೇಶದ ಕವಾಟವೂ ಈ ಜಾತಿಯದು. ಬಹುಕಾಲ ಬಾಳುತ್ತದೆ. ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಮಾತ್ರೆ ನುಂಗಬೇಕು. ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡಿಸಬೇಕು. ಸೊಪ್ಪು ತಿನ್ನುವುದರಲ್ಲಿಯೂ ಲೆಕ್ಕವಿರಬೇಕು. ಇನ್ನೊಂದು, ಪ್ರಾಣಿಯ ಕವಾಟ. ಅವ್ವನ ನಾಡಿ ತಾಳ ತಪ್ಪಿರಲಿಲ್ಲವಾದ್ದರಿಂದ ಅದಕ್ಕೆ ಆ ಮಾತ್ರೆ ಮೊದಲ ಕೆಲವು ತಿಂಗಳು ಸಾಕು. ಆದರೆ ಹತ್ತು ಹದಿನೈದು ವರ್ಷಗಳಲ್ಲಿ ಸವೆಯಬಹುದು.

“ಹಸುವಿನ ಹೃದಯದ ಪೊರೆಯಿಂದ ಮಾಡಿದ್ದೂ ಇದೆ, ಹಂದಿಯ ಕವಾಟವೂ ಇದೆ. ಅಮ್ಮನವರಿಗೆ ಆಕ್ಷೇಪಣೆ ಏನಾದರೂ...” ಎಂದು ವೈದ್ಯರು ಸಂಕೋಚದಿಂದ ನಿಲ್ಲಿಸಿದರು.

ನಾನು ಅವ್ವನ ಮುಖ ನೋಡಿದೆ. ಮಳೆಗಾಲದಲ್ಲಿ ನಮ್ಮ ದಾರಿ ಯಾವಾಗ ಇರುತ್ತದೆ ಯಾವಾಗ ಇರುವುದಿಲ್ಲವೆಂದು ಅವಳಿಗೆ ಗೊತ್ತು; ಪರೀಕ್ಷೆಗೆಂದು ಪಟ್ಟಣಕ್ಕೆ ಓಡಾಡುವುದು ಆಗದ ಮಾತು. ಅವಳು ಸ್ವಲ್ಪ ಯೋಚಿಸಿ ಹೇಳಿದಳು: “ಹಂದಿಯದೇ ಆಗಲಿ ಡಾಕ್ಟ್ರೇ. ಅವನು ನಮ್ಮ ಮನೆಗೆ ಹೊಸಬನೇನಲ್ಲ.”

ಪಂದಿ ಕರಿಯ ಸೀಮೆಯವಳ ಈ ಮಾತಿಗೆ ವೈದ್ಯರು ಗಟ್ಟಿಯಾಗಿ ನಕ್ಕರು. ನನಗೆ ನಗು ಬರಲಿಲ್ಲ. ಹೊರಗೆ ಬಂದ ಮೇಲೆ ಅವರನ್ನು ತಡೆದು ಕೇಳಿದೆ: “ಸತ್ತ ಪ್ರಾಣಿಯ ಮಾಂಸವಲ್ಲವೇ ಸಾರ್? ಬಿಸಿ ರಕ್ತದಲ್ಲಿ ಹತ್ತು ವರ್ಷ ಕೊಳೆಯದೆ ಇರುವುದು ಹೇಗೆ?”

“ತೊಗಲು ಹದ ಮಾಡ್ತಾರಲ್ಲ ಮೇಷ್ಟ್ರೇ, ಅದೇ ಕೆಲಸ. ಇನ್ನೂ ಸ್ವಲ್ಪ ನಾಜೂಕು,” ಎಂದು ಹೇಳಿ ಅವರು ನಡೆದರು.

ನನಗೆ ಕೋವಿಯ ಪಟ್ಟಿ ನೆನಪಾಯಿತು. ಬಾಳುತ್ತದೆ, ಸರಿ. ಹಾಡುತ್ತದೆಯೆ?

ಕನ್ನಡ ಎಂ.ಎ. ಮಾಡಿದವನು ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕುಳಿತು ರಸಾಯನಶಾಸ್ತ್ರ ಓದಿದ್ದು ಹೀಗೆ. ಓದಿ ತಿಳಿದದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ತೊಗಲಿಗೂ ಕವಾಟದ ಎಸಳಿಗೂ ಬಲ ಕೊಡುವುದು ಕೊಲಾಜನ್ ಎಂಬ ಒಂದೇ ಪ್ರೋಟೀನು. ಅದು ಮೂರು ಎಳೆಗಳು ಜಡೆಯಂತೆ ಹೆಣೆದುಕೊಂಡ ದಾರ. ಈ ಮೂರೆಳೆಯ ಗುಟ್ಟನ್ನು 1954ರಲ್ಲಿ ಮದ್ರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಲೋಕದ ಮುಂದಿಟ್ಟರು. ರಾಮಚಂದ್ರನ್ ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದವರು. ಪ್ರಾಣಿ ಸತ್ತ ಮೇಲೆ ಸೂಕ್ಷ್ಮಜೀವಿಗಳ ಕಿಣ್ವಗಳು ಕತ್ತರಿಗಳಂತೆ ಬಂದು ಈ ದಾರಗಳನ್ನು ತುಂಡರಿಸುತ್ತವೆ. ಕೊಳೆಯುವುದು ಎಂದರೆ ಇದೇ. ದಾರದಿಂದ ದಾರಕ್ಕೆ ಅಡ್ಡಕೊಂಡಿಗಳನ್ನು ಹಾಕಿ ಬಂಧಿಸಿಬಿಟ್ಟರೆ ಕತ್ತರಿಗೆ ಬಾಯಿ ಹಾಕಲು ಸಂದು ಸಿಕ್ಕುವುದಿಲ್ಲ.

ನಮ್ಮ ಹಳ್ಳಿಗಳ ಚರ್ಮಗಾರರು ತಲೆಮಾರುಗಳಿಂದ ಮಾಡುತ್ತ ಬಂದದ್ದು ಇದನ್ನೇ. ಅಳಲೆಕಾಯಿಯ, ತಂಗಡಿ ತೊಗಟೆಯ ಒಗರಿನಲ್ಲಿ ತೊಗಲನ್ನು ನೆನೆಹಾಕಿದರೆ ಆ ಒಗರು ದಾರಗಳ ನಡುವೆ ಹೊಕ್ಕು ಹಿಡಿದುಕೊಳ್ಳುತ್ತದೆ. ಎಳೆಯ ಬಾಳೆಕಾಯಿ ಕಚ್ಚಿದಾಗ ಬಾಯಿ ಒಣಗಿ ಬಿಗಿದಂತಾಗುವುದೂ ಒಗರು ಉಗುಳಿನ ಪ್ರೋಟೀನನ್ನು ಹಿಡಿದು ಗಂಟುಕಟ್ಟುವುದರಿಂದಲೇ. ಒಗರು ತಿಂದವನ ನಾಲಗೆ ಒಂದು ಕ್ಷಣ ಹದಗಾರನ ತೊಟ್ಟಿಯಲ್ಲಿ ಅದ್ದಿ ಬಂದಿರುತ್ತದೆ ಎನ್ನಬಹುದು.

ಕವಾಟಕ್ಕೆ ಬಳಸುವುದು ಗ್ಲುಟರಾಲ್ಡಿಹೈಡ್ ಎಂಬ ದ್ರವ್ಯ. ಐದು ಇಂಗಾಲಗಳ ಪುಟ್ಟ ಅಣು. ಎರಡು ತುದಿಗೂ ಒಂದೊಂದು ಕೈ. ಒಂದು ಕೈಯಿಂದ ಈ ದಾರವನ್ನೂ ಇನ್ನೊಂದರಿಂದ ಪಕ್ಕದ ದಾರವನ್ನೂ ಹಿಡಿದರೆ ಬಿಡುವುದಿಲ್ಲ. ಪ್ಯಾರಿಸ್ಸಿನಲ್ಲಿ ಬಿನೆ ಮತ್ತು ಕಾರ್ಪಾಂಟಿಯೆ ಎಂಬ ವೈದ್ಯರು 1965ರಲ್ಲಿಯೇ ಹಂದಿಯ ಕವಾಟವನ್ನು ಮನುಷ್ಯನಿಗೆ ಜೋಡಿಸಿದ್ದರು. ಆದರೆ ಮೊದಮೊದಲು ಬಳಸಿದ ದ್ರವ್ಯಗಳ ಹದ ನಿಲ್ಲಲಿಲ್ಲ. ಫಾರ್ಮಲಿನ್ನಿನಲ್ಲಿ ಅದ್ದಿ ನೋಡಿದವರೂ ಉಂಟು. ಅದು ಹಾಕಿದ ಕೊಂಡಿಗಳು ಕಾಲಕ್ರಮದಲ್ಲಿ ಸಡಿಲುತ್ತಿದ್ದವು. ಕಾರ್ಪಾಂಟಿಯೆ ಸೋಲಿನ ಕಾರಣ ಹುಡುಕುತ್ತ ರಸಾಯನಶಾಸ್ತ್ರವನ್ನೇ ಹೊಸದಾಗಿ ಕಲಿತು, 1968ರ ಹೊತ್ತಿಗೆ ಗ್ಲುಟರಾಲ್ಡಿಹೈಡಿಗೆ ಬಂದು ನಿಂತರು. 2007ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಂಡದ್ದು, ಶಸ್ತ್ರವೈದ್ಯನಾಗಿ ಹೆಸರು ಮಾಡಿದವನು ಮತ್ತೆ ವಿದ್ಯಾರ್ಥಿಯಾಗಿ ಕುಳಿತದ್ದು.

ಈ ಕೊಂಡಿಗಳಿಂದ ಇನ್ನೊಂದು ಉಪಕಾರವಿದೆ. ‘ಇದು ಪರರದು’ ಎಂದು ಶರೀರ ಗುರುತಿಸುವ ಚಹರೆಗಳು ಬಹುಮಟ್ಟಿಗೆ ಮರೆಯಾಗುತ್ತವೆ. ಹಿಂದೆ ಗುರುತು ತಪ್ಪಿ ತನ್ನದನ್ನೇ ಹೊಡೆದ ಅವ್ವನ ಶರೀರ, ಈಗ ಗುರುತು ಹತ್ತದೆ ಪರರದನ್ನು ಸುಮ್ಮನೆ ಬಿಡಬೇಕಾಗಿತ್ತು.

ಆದರೆ ನನ್ನ ಪ್ರಶ್ನೆ ಹಾಗೆಯೇ ಉಳಿದಿತ್ತು. ಗಟ್ಟಿ ಮಾಡುವುದೇನು ದೊಡ್ಡ ವಿದ್ಯೆ? ಮೊಟ್ಟೆಯನ್ನು ಬೇಯಿಸಿದರೂ ಗಟ್ಟಿಯಾಗುತ್ತದೆ. ಆಮೇಲೆ ಅದರಿಂದ ಮರಿ ಬರುವುದಿಲ್ಲ. ಅವ್ವನ ಸ್ವಂತ ಕವಾಟ ಕೆಟ್ಟದ್ದೇ ಗಟ್ಟಿಯಾಗಿ. ಹೃದಯ ನಿಮಿಷಕ್ಕೆ ಎಪ್ಪತ್ತೆರಡು ಸಲ ಮಿಡಿದರೆ ದಿನಕ್ಕೆ ಒಂದು ಲಕ್ಷಕ್ಕೂ ಮೇಲಾಯಿತು. ವರ್ಷಕ್ಕೆ ಮೂರು ಮುಕ್ಕಾಲು ಕೋಟಿಗೂ ಮೀರಿತು. ಅಷ್ಟು ಸಲವೂ ಎಸಳು ಗಾಳಿಗೆ ಪರದೆ ಸರಿದಂತೆ ತೆರೆಯಬೇಕು, ಬಾಗಿಲು ಹಾಕಿದಂತೆ ಮುಚ್ಚಬೇಕು. ಕೊಂಡಿ ಕಡಿಮೆಯಾದರೆ ಕೊಳೆಯುತ್ತದೆ. ಸಿಕ್ಕ ಸಿಕ್ಕಲ್ಲಿ ಬಿಗಿದರೆ ಹಲಗೆಯಾಗುತ್ತದೆ.

ಇದಕ್ಕೂ ಉಪಾಯವಿತ್ತು. ಎಸಳಿನಲ್ಲಿ ಕೊಲಾಜನ್ ದಾರಗಳು ನೇರವಾಗಿರುವುದಿಲ್ಲ. ಸೀರೆಯ ನೆರಿಗೆಯಂತೆ ಅಲೆಅಲೆಯಾಗಿರುತ್ತವೆ. ಒತ್ತಡ ಬಿದ್ದಾಗ ನೆರಿಗೆ ಬಿಚ್ಚುತ್ತದೆ, ಒತ್ತಡ ಹೋದಾಗ ಮತ್ತೆ ಕೂಡುತ್ತದೆ. ಎಸಳಿನ ಹಾಡು ಇರುವುದು ಈ ನೆರಿಗೆಯಲ್ಲಿ. ಮೊದಲೆಲ್ಲ ಕವಾಟದೊಳಗೆ ದ್ರವವನ್ನು ಜೋರಾಗಿ ತುಂಬಿ ಎಸಳನ್ನು ಎಳೆದು ಹಿಡಿದು ಹದ ಮಾಡುತ್ತಿದ್ದರು. ನೆರಿಗೆ ಬಿಚ್ಚಿದ ಭಂಗಿಯಲ್ಲಿಯೇ ಕೊಂಡಿ ಬಿದ್ದು ಎಸಳು ಬಿರುಸಾಗುತ್ತಿತ್ತು. ಆಮೇಲೆ ಒತ್ತಡವನ್ನು ತೀರ ಇಳಿಸಿ, ಎಸಳು ತನ್ನಷ್ಟಕ್ಕೆ ವಿಶ್ರಾಂತಿಯಲ್ಲಿರುವಾಗ ಹದ ಮಾಡುವುದನ್ನು ಕಲಿತರು. ಆಗ ನೆರಿಗೆ ನೆರಿಗೆಯಾಗಿಯೇ ಉಳಿಯಿತು. ದ್ರವ್ಯವೂ ಕಡುವಾಗಿರಬಾರದು, ನೀರಿನಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆಯಿದ್ದರೆ ಸಾಕು.

ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬಂತು. ಬಾಳುವುದೂ ಹಾಡುವುದೂ ಒಂದೇ ತೊಗಲಿನಲ್ಲಿ ಆಗುತ್ತದೆಂದು ಯಾರೋ ಸಾಧಿಸಿದ್ದರು.

ಈ ವಿದ್ಯೆ ಹೃದಯಕ್ಕೆ ಮಾತ್ರ ಮೀಸಲಾದುದಲ್ಲವೆಂದೂ ಆಮೇಲೆ ತಿಳಿಯಿತು. ಧನುರ್ವಾಯುವಿನ ವಿಷವೂ ಒಂದು ಪ್ರೋಟೀನು. ಅದನ್ನು ಫಾರ್ಮಲಿನ್ನಿನಲ್ಲಿ ಹದವಾಗಿ ಇಟ್ಟರೆ ವಿಷ ಅಡಗುತ್ತದೆ, ಮುಖಚಹರೆ ಮಾತ್ರ ಉಳಿಯುತ್ತದೆ. ಆ ಮುಖವನ್ನು ನೋಡಿಕೊಂಡ ಶರೀರ, ನಿಜವಾದ ಶತ್ರು ಬಂದಾಗ ಸಿದ್ಧವಾಗಿರುತ್ತದೆ. ಫ್ರಾನ್ಸಿನ ಗ್ಯಾಸ್ಟನ್ ರಾಮೊನ್ 1920ರ ದಶಕದಲ್ಲಿ ಈ ದಾರಿಯನ್ನು ಹಾಕಿಕೊಟ್ಟವರಲ್ಲಿ ಮುಖ್ಯರು. ತೋಟದಲ್ಲಿ ಕತ್ತಿ ತಾಗಿದಾಗ ನಾವು ಓಡಿಹೋಗಿ ಚುಚ್ಚಿಸಿಕೊಳ್ಳುವ ಟೀಟಿ ಸೂಜಿಯೊಳಗೂ ಇರುವುದು ಹದವೇ.

ಶಸ್ತ್ರಚಿಕಿತ್ಸೆ ಐದಾರು ಗಂಟೆ ನಡೆಯಿತು. ಮುಗಿದ ಮೇಲೆ ವೈದ್ಯರು ಹೊರಗೆ ಬಂದು, ಎಲ್ಲ ಸರಿಯಾಗಿದೆ ಎಂದರು. ನಾನು ಧನ್ಯವಾದ ಹೇಳುವುದನ್ನು ಮರೆತು, ಕವಾಟ ಹೇಗಿತ್ತು ಎಂದು ಕೇಳಿದೆ. ಅವರಿಗೂ ಮಾತು ಬೇಕಾಗಿತ್ತೆಂದು ತೋರುತ್ತದೆ, ಹೇಳಿದರು. ಕವಾಟ ದ್ರವ ತುಂಬಿದ ಭರಣಿಯಲ್ಲಿ ಬರುತ್ತದೆ. ಮನುಷ್ಯನ ಮಿಟ್ರಲ್ ಕವಾಟಕ್ಕೆ ಎರಡು ಎಸಳು, ಇದಕ್ಕೆ ಮೂರು. ತೆಗೆದ ಕೂಡಲೇ ಹೊಲಿಯುವಂತಿಲ್ಲ. ಉಪ್ಪು ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಬೇಕು. ಹದ ಮಾಡಿದ ದ್ರವ್ಯ ಉಳಿದುಕೊಂಡರೆ ಅದೇ ಸುತ್ತಲಿನ ಜೀವಕ್ಕೆ ವಿಷ.

ಈ ಮಾತು ಮೇಷ್ಟರಾದ ನನ್ನನ್ನು ಈಗಲೂ ಚುಚ್ಚುತ್ತದೆ. ಇಪ್ಪತ್ತು ವರ್ಷಗಳಿಂದ ಹುಡುಗರನ್ನು ಹದ ಮಾಡುವ ಕೆಲಸದಲ್ಲಿದ್ದೇನೆ. ಛಂದಸ್ಸು, ವ್ಯಾಕರಣ, ಕಾಗುಣಿತ ಎಂದು ಕೊಂಡಿ ಹಾಕುತ್ತೇನೆ, ಹಾಕಲೇಬೇಕು. ಆದರೆ ಅವರ ನೆರಿಗೆ ಬಿಚ್ಚಿಹೋಗುವಷ್ಟು ಎಳೆದು ಹಿಡಿದು ಹಾಕಿದ್ದೆಷ್ಟು ಸಲವೋ! ಹಾಕಿದ ಮೇಲೆ ನನ್ನ ಗದರಿಕೆಯ ಕಹಿಯನ್ನು ಜಾಲಿಸಿ ತೆಗೆಯದೆ ಕಳಿಸಿದ್ದೆಷ್ಟು ಸಲವೋ! ಪದ್ಯ ಬರೆಯುತ್ತಿದ್ದ ಒಬ್ಬ ಹುಡುಗ ನಾನು ತಿದ್ದಿದ ಮೇಲೆ ಬರೆಯುವುದನ್ನೇ ಬಿಟ್ಟ. ಅವನ ಕಾಗುಣಿತ ಈಗ ಶುದ್ಧವಾಗಿದೆ.

ಅವ್ವ ಮನೆಗೆ ಬಂದಳು. ಮೂರು ತಿಂಗಳಲ್ಲಿ ಏರು ಹತ್ತಿದಳು. ಆ ವರ್ಷದ ಕೈಲ್‌ಪೊಳ್ದಿಗೆ ಎಂದಿನಂತೆ ತಾನೇ ನಿಂತು ಕಾಚಂಪುಳಿ ಹಾಕಿ ಹಂದಿ ಮಾಂಸ ಬೇಯಿಸಿದಳು. ಎಲ್ಲರಿಗೂ ಬಡಿಸಿದಳು, ತನ್ನ ತಟ್ಟೆಗೆ ಮಾತ್ರ ಹಾಕಿಕೊಳ್ಳಲಿಲ್ಲ. ಪಥ್ಯವೇ ಎಂದು ಕೇಳಿದೆ.

“ಪಥ್ಯವೂ ಇಲ್ಲ ಏನೂ ಇಲ್ಲ. ಒಬ್ಬನನ್ನು ಒಳಗೆ ಕೆಲಸಕ್ಕೆ ಇಟ್ಟುಕೊಂಡ ಮೇಲೆ ಅವನ ಮನೆಯವರನ್ನು ತಿನ್ನೋದು ಹೇಗೆ?” ಎಂದಳು. ಅಂದಿನಿಂದ ಅವಳು ಅದನ್ನು ಮುಟ್ಟಿಲ್ಲ. ನಮಗೆ ಬಡಿಸುವುದರಲ್ಲಿ ಕೈ ಹಿಂದೆಗೆದೂ ಇಲ್ಲ.

2018ರ ಆಗಸ್ಟು ತಿಂಗಳು ಕೊಡಗಿನವರು ಯಾರೂ ಮರೆಯುವಂಥದಲ್ಲ. ಗುಡ್ಡಗಳು ಜಾರಿದವು, ಮನೆಗಳು, ತೋಟಗಳು, ಜನ ಹೋದರು. ನಮ್ಮ ಮನೆ ಉಳಿಯಿತು, ದಾರಿ ಉಳಿಯಲಿಲ್ಲ. ಒಂಬತ್ತು ದಿನ ಅವ್ವ ಆಚೆ ಕಡೆ, ನಾನು ಮಡಿಕೇರಿಯಲ್ಲಿ. ದೂರವಾಣಿಯೂ ಸತ್ತಿತ್ತು. ಆ ಒಂಬತ್ತು ರಾತ್ರಿ ನನಗಿದ್ದ ಸಮಾಧಾನ ಒಂದೇ: ಅವಳಿಗೆ ರಕ್ತ ಪರೀಕ್ಷೆ ಬೇಕಾಗಿಲ್ಲ, ತಪ್ಪಿದರೆ ಅಪಾಯವಾಗುವ ಮಾತ್ರೆ ಬೇಕಾಗಿಲ್ಲ. ಎಂದೋ ಎಲ್ಲಿಯೋ ಯಾರೋ ನಾಜೂಕಾಗಿ ಹಾಕಿದ ಕೊಂಡಿಗಳು ಆ ಮಳೆಯಲ್ಲಿ, ಆ ಕತ್ತಲೆಯಲ್ಲಿ, ದಿನಕ್ಕೆ ಲಕ್ಷ ಸಲ ತೆರೆದು ಮುಚ್ಚುತ್ತಿದ್ದವು. ಹತ್ತನೆಯ ದಿನ ಕೆಸರಿನಲ್ಲಿ ನಡೆದು ಮನೆ ಸೇರಿದಾಗ ಅವಳು ನೆರೆಮನೆಯ ಎಂಟು ಮಂದಿಗೆ ಗಂಜಿ ಬಡಿಸುತ್ತಿದ್ದಳು.

ಈಗ ಆ ಕವಾಟಕ್ಕೂ ವಯಸ್ಸಾಗಿದೆ. ಅದರಲ್ಲಿ ಜೀವಂತ ಕೋಶಗಳಿಲ್ಲ, ಆದ್ದರಿಂದ ಸವೆದದ್ದನ್ನು ತಾನೇ ತೇಪೆ ಹಾಕಿಕೊಳ್ಳಲಾರದು. ಮೆಲ್ಲಗೆ ಸುಣ್ಣದ ಅಂಶ ಕೂಡುತ್ತ ಬರುತ್ತದೆ. ಕೊಂಡಿ ಹಾಕಿದ ದ್ರವ್ಯವೇ ಇದಕ್ಕೂ ಒಂದಷ್ಟು ಕಾರಣವಂತೆ. ಬಾಳಿಸಿದ್ದೇ ಕಡೆಗೆ ಗಡುಸು ಮಾಡುತ್ತದೆ. ಹೋದ ಸಲದ ಎಕೋ ಪರೀಕ್ಷೆಯಲ್ಲಿ ಒಂದು ಎಸಳು ಸ್ವಲ್ಪ ಬಿಗಿಯಾಗಿದೆ ಎಂದರು. ತೊಡೆಯ ರಕ್ತನಾಳದ ಮೂಲಕ, ಎದೆ ಬಿಚ್ಚದೆಯೇ, ಹಳೆಯದರೊಳಗೆ ಹೊಸದೊಂದನ್ನು ಕೂರಿಸುವ ದಾರಿ ಈಗ ಇದೆ. ಬೇಕಾದಾಗ ನೋಡೋಣ ಎಂದಿದ್ದಾರೆ. ನಾನು ಮುಖ ಸಣ್ಣದು ಮಾಡಿಕೊಂಡದ್ದನ್ನು ಕಂಡು ಅವ್ವ, “ಪಾಪ, ಅವನೂ ಎಷ್ಟು ದುಡಿದಾನು?” ಎಂದಳು.

ಕಳೆದ ಪುತ್ತರಿಗೆ ಎಲ್ಲರೂ ಸೇರಿದ್ದೆವು. ಚಿಕ್ಕಪ್ಪನ ಮಗ ಹಾಡಲು ಬಂದಿದ್ದ. ಮೊಳೆಯಿಂದ ದುಡಿ ಇಳಿಸಿ ಬಾರಿಸಿ ನೋಡಿದರೆ ಬೆಳದಿಂಗಳಿನ ಇಬ್ಬನಿಗೆ ದನಿ ಇಳಿದಿತ್ತು. ಕಾಯಿಸಿ ಕೊಡಲೆಂದು ನಾನು ಅದನ್ನು ಒಲೆಯ ಬಳಿ ಹಿಡಿದೆ. ಗೋಡೆಗೆ ಒರಗಿ ಕುಳಿತಿದ್ದ ಅವ್ವ ಹೇಳಿದಳು:

“ಜಾಸ್ತಿ ಹಿಡೀಬೇಡ, ಸೀಳಿಹೋಗ್ತದೆ.”

“ಎಷ್ಟು ಹೊತ್ತು ಹಿಡೀಲಿ ಅವ್ವ?”

“ಅದಕ್ಕೆ ಗಂಟೆ ನೋಡ್ತಾರಾ? ಹದ ನೋಡ್ಕೋ.”

ನಾನು ಬೆರಳಿನಿಂದ ಮೆಲ್ಲಗೆ ತಟ್ಟಿ ಕಿವಿ ಹಚ್ಚಿದೆ. ಇನ್ನೂ ಬಂದಿರಲಿಲ್ಲ. ಮತ್ತೆ ಸ್ವಲ್ಪ ಬೆಂಕಿಗೆ ಹಿಡಿದೆ.